ಕಣ್ಣು ಸರಿಯಾಗಿಯೇ ಇದೆ, ಆದರೂ ನೋಡಿದ್ದು ಗೊತ್ತಾಗಲು ತಡವಾಗುತ್ತದೆ. ಯಾರಿಗಾದರೂ ಹೀಗಿದೆಯಾ?

ಹೊಸನೋಟ:

ಬಹಳ ದಿನದಿಂದ ಕೇಳಬೇಕು ಅಂದುಕೊಂಡಿದ್ದೆ. ನಾನೂ ನನ್ನ ತಂಗಿಯೂ ಪಕ್ಕಪಕ್ಕ ಕೂತು ಒಂದೇ ಪರದೆ ನೋಡುತ್ತಿರುತ್ತೇವೆ. ಒಂದು ದೃಶ್ಯ ಬಂದು ಹೋಗುತ್ತದೆ. "ಹಿಂದೆ ನಿಂತವನ ಕೈಯಲ್ಲಿ ಕಾಗದ ಇತ್ತಲ್ಲ, ನೋಡಿದ್ಯಾ ಅಕ್ಕಾ?" ಅಂತ ಅವಳು ಕೇಳುತ್ತಾಳೆ. ಹಿಂದೆ ಒಬ್ಬ ನಿಂತಿದ್ದ ಅನ್ನುವುದೇ ನನಗೆ ಗೊತ್ತಾಗಿರುವುದಿಲ್ಲ. ನಾನಿನ್ನೂ ಮುಂದಿದ್ದವರ ಮುಖದಲ್ಲೇ ಇರುತ್ತೇನೆ.

ಮನೆಯಲ್ಲಿ ಇದು ಸಣ್ಣ ವಿಷಯ. ಕೆಲಸದಲ್ಲಿ ಹಾಗಲ್ಲ. ಮೀಟಿಂಗ್‌ನಲ್ಲಿ ಒಂದಾದ ಮೇಲೊಂದು ಗ್ರಾಫ್ ತೋರಿಸುತ್ತಾ ಹೋಗುತ್ತಾರೆ. ಅಡ್ಡಗೆರೆ ಯಾವುದರ ಲೆಕ್ಕ, ಉದ್ದಗೆರೆ ಯಾವುದರ ಲೆಕ್ಕ ಅಂತ ನಾನು ಹುಡುಕುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಹೋದ ತಿಂಗಳು ನನ್ನ ಮೇಲಿನವರು ಎಲ್ಲರ ಎದುರಿಗೇ "ನಿಮಗೆ ಗ್ರಹಿಕೆ ನಿಧಾನ" ಅಂದರು. ಆ ಮಾತು ಇನ್ನೂ ಚುಚ್ಚುತ್ತಿದೆ. ಅದೇ ಗ್ರಾಫನ್ನು ಸಂಜೆ ನನ್ನ ಪಾಡಿಗೆ ನಾನು ನೋಡಿದಾಗ ಅದರಲ್ಲಿದ್ದ ಎರಡು ತಪ್ಪು ಕಂಡವು. ಬೇರೆ ಯಾರಿಗೂ ಕಂಡಿರಲಿಲ್ಲ.

ಕಣ್ಣು ಪರೀಕ್ಷೆ ಮಾಡಿಸಿದೆ. 6/6. ಹಾಗಾದರೆ ತಡವಾಗುವುದು ಎಲ್ಲಿ? ಕಣ್ಣಲ್ಲೋ, ಮಿದುಳಲ್ಲೋ, ಅಥವಾ ಇದು ಬರೀ ಅಭ್ಯಾಸವೋ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕತ್ತರಿಕೆಲಸ:

ನಾನು ವಿಡಿಯೋ ಎಡಿಟಿಂಗ್ ಮಾಡುವವನು, ಹನ್ನೊಂದು ವರ್ಷವಾಯಿತು. ಸೆಕೆಂಡಿಗೆ 24 ಫ್ರೇಮ್ ಅಂದರೆ ಒಂದು ಫ್ರೇಮ್ ಪರದೆಯ ಮೇಲೆ ಇರುವುದು ಸುಮಾರು 42 ಮಿಲಿಸೆಕೆಂಡ್. ಎರಡು ಶಾಟ್‌ಗಳ ನಡುವೆ ಬೇಡದ ಒಂದೇ ಒಂದು ಫ್ರೇಮ್ ಉಳಿದುಬಿಟ್ಟರೂ ನನಗೆ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಜೊತೆಗೆ ಕೆಲಸ ಮಾಡುವ ಹುಡುಗನಿಗೆ ಮೂರು ಸಲ ಓಡಿಸಿ ತೋರಿಸಿದರೂ ಕಾಣುವುದಿಲ್ಲ. ಅವನ ಕಣ್ಣು ನನಗಿಂತ ಚೆನ್ನಾಗಿದೆ, ಕನ್ನಡಕ ಹಾಕುವುದು ನಾನು. ಆದರೆ ಎರಡು ಶಾಟ್‌ಗಳ ಬಣ್ಣದಲ್ಲಿ ಕೂದಲೆಳೆಯ ವ್ಯತ್ಯಾಸ ಇದ್ದರೆ ಹಿಡಿಯುವುದು ಅವನೇ. ನನಗೆ ಎರಡೂ ಒಂದೇ ಥರ.

ಆದ್ದರಿಂದ ಇದು ದೃಷ್ಟಿ ಚೆನ್ನಾಗಿದೆ, ಇಲ್ಲ ಅನ್ನುವ ಪ್ರಶ್ನೆಯಲ್ಲ ಅಂತ ನನಗನ್ನಿಸುತ್ತದೆ. ಹಳೆಯ ಫಿಲಂ ಪ್ರೊಜೆಕ್ಟರ್‌ಗಳಲ್ಲೂ ಇದರ ಲೆಕ್ಕಾಚಾರ ಇತ್ತು. ಸೆಕೆಂಡಿಗೆ 24 ಸಲ ಬೆಳಕು ಬಂದುಹೋದರೆ ಮಿಣುಕು ಕಾಣುತ್ತದೆ. ಅದಕ್ಕೇ ಶಟರ್ ಒಂದೊಂದು ಫ್ರೇಮನ್ನೂ ಎರಡು ಅಥವಾ ಮೂರು ಸಲ ಮುಚ್ಚಿ ತೆರೆದು ತೋರಿಸುತ್ತಿತ್ತು. ಬೆಳಕು 48 ಅಥವಾ 72 ಸಲ ಬೀಳುತ್ತಿತ್ತು. ಅಷ್ಟಾದರೆ ನೋಡುವವರಿಗೆ ತೊಂದರೆಯಿಲ್ಲ ಅಂತ.

ಬೆಳಕುನೆರಳು:

ಮಿಣುಕಿನ ಮಾತು ಬಂತಲ್ಲ, ನನ್ನದೂ ಒಂದು. ಕೆಲವು ದೀಪಗಳ ಕೆಳಗೆ ಅರ್ಧ ಗಂಟೆ ಕೂತರೆ ನನಗೆ ತಲೆನೋವು ಬರುತ್ತದೆ. ದೀಪವನ್ನು ನೇರವಾಗಿ ನೋಡಿದರೆ ಏನೂ ಇಲ್ಲ. ಬೇರೆ ಕಡೆ ತಿರುಗಿದಾಗ ಓರೆಗಣ್ಣಿಗೆ ಅದು ನಡುಗಿದ ಹಾಗೆ ಕಾಣುತ್ತದೆ. ಯಾರಿಗೆ ಹೇಳಿದರೂ "ಸುಮ್ನೆ ನಿನ್ನ ಭ್ರಮೆ" ಅಂತಾರೆ. ಭ್ರಮೆಯಾ?

ಪ್ರತಿಕ್ಷಣ:

ಭ್ರಮೆ ಅಲ್ಲ. ನಾನು ದೃಷ್ಟಿ ಮತ್ತು ಗಮನದ ಬಗ್ಗೆ ಪ್ರಯೋಗ ಮಾಡುವ ಒಂದು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಏಕೆಂದರೆ ಈ ಮೂರೂ ಪ್ರಶ್ನೆಗಳು ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಬೇರೆ ಬೇರೆ.

ಮೊದಲು ಮಿಣುಕು. ಒಂದು ದೀಪವನ್ನು ಬೇಗ ಬೇಗ ಹತ್ತಿಸಿ ಆರಿಸುತ್ತಾ ವೇಗ ಹೆಚ್ಚಿಸುತ್ತಾ ಹೋದರೆ, ಒಂದು ಹಂತದಲ್ಲಿ ಅದು ಎಡೆಬಿಡದೆ ಉರಿಯುತ್ತಿರುವಂತೆ ಕಾಣುತ್ತದೆ. ಆ ಹಂತ ಎಲ್ಲರಿಗೂ ಒಂದೇ ಅಲ್ಲ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನವರು 2024ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಪರೀಕ್ಷೆಗೆ ಕೂತವರಲ್ಲಿ ಕೆಲವರಿಗೆ ಸೆಕೆಂಡಿಗೆ 35 ಸಲ ಮಿಣುಕುವ ಬೆಳಕೇ ಸ್ಥಿರವಾಗಿ ಕಂಡಿತು. ಇನ್ನು ಕೆಲವರಿಗೆ 60 ದಾಟಿದರೂ ಮಿಣುಕು ಕಾಣುತ್ತಲೇ ಇತ್ತು. ಎಲ್ಲರೂ ವಯಸ್ಕರು, ಯಾರೂ ಮುದುಕರಲ್ಲ. ಅದೇ ವ್ಯಕ್ತಿಯನ್ನು ಬೇರೆ ದಿನ ಪರೀಕ್ಷಿಸಿದರೆ ಲೆಕ್ಕ ಹೆಚ್ಚು ಬದಲಾಗಲಿಲ್ಲ. ಅಂದರೆ ಇದು ಆ ದಿನದ ನಿದ್ದೆಯ ಪರಿಣಾಮವಲ್ಲ, ಆ ವ್ಯಕ್ತಿಯ ಗುಣ.

ಇದು ನೋಡುವ ರೀತಿಯ ಮೇಲೂ ನಿಂತಿದೆ. ಬೆಳಕು ಜಾಸ್ತಿಯಾದಷ್ಟೂ ಮಿಣುಕು ಸುಲಭವಾಗಿ ಕಾಣುತ್ತದೆ. ದೊಡ್ಡ ದೀಪವಾದರೆ ಕಣ್ಣಿನ ನಡುಭಾಗಕ್ಕಿಂತ ಅಂಚಿನ ಭಾಗ ಮಿಣುಕನ್ನು ಚೆನ್ನಾಗಿ ಹಿಡಿಯುತ್ತದೆ. ಅದಕ್ಕೇ ಬೆಳಕುನೆರಳು ಅವರೇ, ನಿಮಗೆ ಓರೆಗಣ್ಣಿಗೆ ಮಾತ್ರ ಕಾಣುವುದು. ಮನೆಯ ವಿದ್ಯುತ್ತು 50 ಹರ್ಟ್ಸ್ ಇದ್ದರೆ ಸಾಧಾರಣ ದರ್ಜೆಯ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ದಿಟ್ಟಿಸಿ ನೋಡುವವರಿಗೆ ಅದು ಕಾಣುವುದಿಲ್ಲ. ಆದರೆ ಕಣ್ಣು ಸರ್ರನೆ ಹೊರಳುವಾಗ ಅಷ್ಟು ವೇಗದ ಮಿಣುಕೂ ಸಾಲುಚುಕ್ಕೆಗಳ ಹಾಗೆ ಕಾಣಬಹುದು.

ಇನ್ನು ಹೊಸನೋಟ ಅವರ ಪ್ರಶ್ನೆ. ಮಿಣುಕು ಕಾಣುವ ವೇಗ ಬೇರೆ, ಚಿತ್ರ ಅರ್ಥವಾಗುವ ವೇಗ ಬೇರೆ. ಮನುಷ್ಯರ ಕಣ್ಣು ಚಿತ್ರದ ಸಾರವನ್ನು ಹಿಡಿಯುವುದು ಬಹಳ ಬೇಗ. 1996ರಲ್ಲಿ ಸೈಮನ್ ಥಾರ್ಪ್ ಮತ್ತು ಜೊತೆಗಾರರು ಒಂದೊಂದು ಚಿತ್ರವನ್ನು ಬರೀ 20 ಮಿಲಿಸೆಕೆಂಡ್ ತೋರಿಸಿ "ಇದರಲ್ಲಿ ಪ್ರಾಣಿ ಇದೆಯಾ?" ಅಂತ ಕೇಳಿದರು. ಜನ ಬಹುಪಾಲು ಸರಿಯಾಗಿ ಹೇಳಿದರು. ಪ್ರಾಣಿ ಇರುವ ಚಿತ್ರಕ್ಕೂ ಇಲ್ಲದ ಚಿತ್ರಕ್ಕೂ ಮಿದುಳಿನ ವಿದ್ಯುತ್ ಸಂಕೇತ 150 ಮಿಲಿಸೆಕೆಂಡ್ ಹೊತ್ತಿಗೇ ಬೇರೆಯಾಗಿತ್ತು. ಅಷ್ಟು ನಿಮಗೂ ಖಂಡಿತ ಆಗುತ್ತದೆ. ನಿಮ್ಮ ತಂಗಿಗೂ ನಿಮಗೂ ವ್ಯತ್ಯಾಸ ಬರುವುದು ಅದರ ನಂತರ ಇರಬೇಕು: ಎಲ್ಲಿ ಗಮನ ಇಟ್ಟಿರಿ, ಅದನ್ನು ಎಷ್ಟು ಹೊತ್ತು ಹಿಡಿದುಕೊಂಡಿರಿ, "ಸರಿ, ಗೊತ್ತಾಯಿತು" ಅಂತ ಯಾವಾಗ ಒಪ್ಪಿದಿರಿ.

ನೆಟ್ಸ್‌ಬ್ಯಾಟು:

ಪ್ರತಿಕ್ಷಣ ಅವರೇ, ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹದಿನೈದು ವರ್ಷ ಕ್ರಿಕೆಟ್ ಆಡಿದ್ದೇನೆ. ಕೆಲವರಿಗೆ ಹುಟ್ಟಾ ಕಣ್ಣು ಚುರುಕು. ವೇಗದ ಬೌಲರ್ ಎದುರು ಒಬ್ಬನಿಗೆ ಚೆಂಡು ಕಾಣಿಸುವುದೇ ಇಲ್ಲ, ಇನ್ನೊಬ್ಬ ಸಮಾಧಾನದಿಂದ ಆಡುತ್ತಾನೆ. ಇದು ಕಣ್ಣಿನ ವೇಗ ಅಲ್ಲದೆ ಮತ್ತೇನು?

ಪ್ರತಿಕ್ಷಣ:

ಎಲ್ಲರಿಗೂ ಹಾಗೆಯೇ ಅನ್ನಿಸುತ್ತದೆ, ನನಗೂ ಅನ್ನಿಸುತ್ತಿತ್ತು. ಆದರೆ ಇದನ್ನು ಅಳೆದು ನೋಡಿದ್ದಾರೆ. ಪೀಟರ್ ಮೆಕ್ಲಿಯಡ್ 1987ರಲ್ಲಿ ದೊಡ್ಡ ಮಟ್ಟದ ಬ್ಯಾಟ್ಸ್‌ಮನ್‌ಗಳಿಗೆ ಚೆಂಡು ಪುಟಿದ ಮೇಲೆ ಅಚಾನಕ್ಕಾಗಿ ಪಕ್ಕಕ್ಕೆ ಹೊರಳುವಂತೆ ಮಾಡಿ, ಅವರು ಬ್ಯಾಟ್ ತಿರುಗಿಸಲು ಎಷ್ಟು ಹೊತ್ತು ಬೇಕು ಅಂತ ನೋಡಿದರು. ಸುಮಾರು 200 ಮಿಲಿಸೆಕೆಂಡ್ ಬೇಕಾಯಿತು. ಸಾಮಾನ್ಯ ಜನರಿಗೆ ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಒಳ್ಳೆಯ ಬ್ಯಾಟ್ಸ್‌ಮನ್‌ಗೆ ಸಮಯ ಎಲ್ಲಿಂದ ಬರುತ್ತದೆ? 2000ದಲ್ಲಿ ಮೈಕಲ್ ಲ್ಯಾಂಡ್ ಮತ್ತು ಮೆಕ್ಲಿಯಡ್ ಮೂವರು ಆಟಗಾರರ ತಲೆಗೆ ಕ್ಯಾಮೆರಾ ಕಟ್ಟಿ ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ನೋಡಿದರು. ಚೆಂಡು ಕೈಬಿಟ್ಟ ಕ್ಷಣ ಅದನ್ನು ನೋಡುತ್ತಾರೆ. ಆಮೇಲೆ ಚೆಂಡನ್ನು ಎಡೆಬಿಡದೆ ಹಿಂಬಾಲಿಸುವುದಿಲ್ಲ. ಅದು ಎಲ್ಲಿ ಪುಟಿಯುತ್ತದೋ ಆ ಜಾಗಕ್ಕೆ ಕಣ್ಣು ಮೊದಲೇ ಹೋಗಿ ಕಾಯುತ್ತದೆ. ಮೂವರಲ್ಲಿ ಅತ್ಯುತ್ತಮ ಆಟಗಾರನ ಕಣ್ಣು ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋಗುತ್ತಿತ್ತು. ಎಲ್ಲಿ ನೋಡಬೇಕು ಅಂತ ಅವನಿಗೆ ಗೊತ್ತಿತ್ತು. ನೀವು ಹೇಳುವ ಚುರುಕು ನಿಜವೇ. ಆದರೆ ಅದರ ಬಹುಪಾಲು ಬರುವುದು ಆಡಿ ಆಡಿ ಬಂದ ತಿಳಿವಳಿಕೆಯಿಂದ.

ನೆಟ್ಸ್‌ಬ್ಯಾಟು:

ಹೌದು. ಯೋಚಿಸಿದರೆ, ಗೊತ್ತಿರುವ ಬೌಲರ್ ಎದುರು ನನಗೂ ಚೆಂಡು ನಿಧಾನವಾಗಿ ಬಂದಂತೆ ಅನ್ನಿಸುತ್ತದೆ. ಹೊಸಬನಾದರೆ ಅದೇ ವೇಗವೂ ಸಿಕ್ಕುವುದಿಲ್ಲ. ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಪಾಠದಮೇಜು:

ನಾನು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಲಿಸುತ್ತೇನೆ. ಹೊಸನೋಟ ಅವರ ಮಾತು ಓದಿ ಒಬ್ಬ ಹುಡುಗಿ ನೆನಪಾದಳು.

ಬೋರ್ಡ್ ಮೇಲಿದ್ದುದನ್ನು ಎಲ್ಲರೂ ಬರೆದುಕೊಂಡು ಮುಗಿಸಿದರೂ ಅವಳದ್ದು ಅರ್ಧ ಆಗಿರುತ್ತಿತ್ತು. ಅವಳನ್ನು ಪರೀಕ್ಷೆಗೆ ಕಳಿಸಿದರು. ಬುದ್ಧಿಶಕ್ತಿ ಅಳೆಯುವ ವೆಕ್ಸ್ಲರ್ ಪರೀಕ್ಷೆಯಲ್ಲಿ ಒಂದು ಭಾಗ ಇದೆ. ಒಂದೊಂದು ಅಂಕಿಗೂ ಒಂದೊಂದು ಗುರುತು ಕೊಟ್ಟಿರುತ್ತಾರೆ. 120 ಸೆಕೆಂಡ್‌ನಲ್ಲಿ ಎಷ್ಟು ಅಂಕಿಗಳ ಕೆಳಗೆ ಸರಿಯಾದ ಗುರುತು ಬರೆಯುತ್ತೀರಿ ಅಂತ ಎಣಿಸುತ್ತಾರೆ. ಅದರಲ್ಲಿ ಅವಳಿಗೆ ಬಹಳ ಕಡಿಮೆ ಬಂತು. "ಸಂಸ್ಕರಣಾ ವೇಗ ಕಡಿಮೆ" ಅಂತ ವರದಿ ಬಂತು. ಮನೆಯವರು ಹೆದರಿದರು.

ನಾನು ಅವಳ ಪಕ್ಕ ಕೂತು ನೋಡಿದೆ. ಅವಳು ಒಂದೊಂದು ಗುರುತನ್ನೂ ಮುದ್ದಾಗಿ, ಗೆರೆಗೆ ಗೆರೆ ಸೇರುವ ಹಾಗೆ ಬರೆಯುತ್ತಿದ್ದಳು. ಸರಿ ಕಾಣದಿದ್ದರೆ ಅಳಿಸುತ್ತಿದ್ದಳು. ಪೆನ್ಸಿಲನ್ನೂ ಬಿಗಿಯಾಗಿ ಹಿಡಿಯುತ್ತಿದ್ದಳು. ಬರೆಯುವ ಕೆಲಸ ಬಿಟ್ಟು ಬೆರಳು ತೋರಿಸು ಅಂದಾಗ ಎಲ್ಲರಷ್ಟೇ ಬೇಗ ತೋರಿಸಿದಳು. ಆ ಅಂಕದಲ್ಲಿ ಕಣ್ಣೂ ಇದೆ, ಕೈಯೂ ಇದೆ, ತಪ್ಪಾಗಬಾರದು ಅನ್ನುವ ಭಯವೂ ಇದೆ. ಮೂರನ್ನೂ ಸೇರಿಸಿ ಒಂದು ಹೆಸರು ಕೊಟ್ಟರೆ ಮಗುವಿಗೆ ಅನ್ಯಾಯ ಅಲ್ವಾ?

ಅವಳಿಗೆ ಬೋರ್ಡ್ ಮೇಲಿನದನ್ನು ಅಚ್ಚು ಹಾಕಿಸಿ ಕೊಟ್ಟೆ. ಅಷ್ಟೇ ಮಾಡಿದ್ದು. ಪಾಠ ಕೇಳಲು ಸಮಯ ಸಿಕ್ಕಿತು.

ತಾರೆಎಣಿಕೆ:

ಮೇಡಂ, ನಿಮ್ಮ ಮಾತು ಓದಿದಾಗ ನನಗೆ ಡೇವಿಡ್ ಕಿನ್ನೆಬ್ರೂಕ್ ನೆನಪಾದ. ನಾನು ಹವ್ಯಾಸಕ್ಕೆ ಆಕಾಶ ನೋಡುವವನು. ಈ ಕಥೆ ನನಗೆ ಯಾವಾಗಲೂ ಬೇಸರ ತರಿಸುತ್ತದೆ, ಆದರೆ ಇಲ್ಲಿ ಹೇಳಲೇಬೇಕು.

ಗ್ರೀನಿಚ್ ವೀಕ್ಷಣಾಲಯದಲ್ಲಿ ನೆವಿಲ್ ಮ್ಯಾಸ್ಕೆಲಿನ್ ಮುಖ್ಯಸ್ಥರಾಗಿದ್ದ ಕಾಲ. ಕಿನ್ನೆಬ್ರೂಕ್ ಅವರ ಸಹಾಯಕ. ದೂರದರ್ಶಕದೊಳಗಿನ ಒಂದು ಸಣ್ಣ ತಂತಿಯನ್ನು ನಕ್ಷತ್ರ ಯಾವ ಕ್ಷಣ ದಾಟಿತು ಅಂತ ಬರೆಯುವುದು ಕೆಲಸ. ಆಗ ಬೇರೆ ಯಂತ್ರ ಇಲ್ಲ. ಕಿವಿಯಲ್ಲಿ ಗಡಿಯಾರದ ಟಿಕ್ ಎಣಿಸುತ್ತಾ, ಕಣ್ಣಲ್ಲಿ ನಕ್ಷತ್ರ ನೋಡುತ್ತಾ, ಎರಡು ಟಿಕ್‌ಗಳ ನಡುವೆ ಎಷ್ಟನೇ ಪಾಲಿಗೆ ದಾಟಿತು ಅಂತ ಅಂದಾಜು ಮಾಡಬೇಕು. ಕಿನ್ನೆಬ್ರೂಕ್‌ನ ಲೆಕ್ಕ ಮ್ಯಾಸ್ಕೆಲಿನ್ ಲೆಕ್ಕಕ್ಕಿಂತ ತಡವಾಗಿ ಬರುತ್ತಿತ್ತು. ಎಚ್ಚರಿಸಿದರು. ಆತ ಸರಿಮಾಡಿಕೊಳ್ಳಲು ಪ್ರಯತ್ನಿಸಿದ. ವ್ಯತ್ಯಾಸ ಇನ್ನೂ ಹೆಚ್ಚಿ 0.8 ಸೆಕೆಂಡ್‌ಗೆ ಬಂತು. 1796ರಲ್ಲಿ ಆತನನ್ನು ಕೆಲಸದಿಂದ ತೆಗೆದರು.

ಸುಮಾರು ಇಪ್ಪತ್ತು ವರ್ಷದ ಮೇಲೆ ಫ್ರೆಡರಿಕ್ ಬೆಸೆಲ್ ಎಂಬ ಖಗೋಳಜ್ಞರು ಈ ಪ್ರಸಂಗವನ್ನು ಓದಿದರು. ಇದು ಬರೀ ಅಜಾಗರೂಕತೆ ಇರಲಾರದು ಅಂತ ಅವರಿಗೆ ಅನ್ನಿಸಿತು. ತಮ್ಮನ್ನೂ ಬೇರೆ ಪಳಗಿದ ವೀಕ್ಷಕರನ್ನೂ ಹೋಲಿಸಿ ನೋಡಿದರು. ಹೆಸರಾಂತ ಖಗೋಳಜ್ಞರ ನಡುವೆಯೂ ವ್ಯತ್ಯಾಸ ಇತ್ತು. ಒಬ್ಬರೊಂದಿಗೆ ಹೋಲಿಸಿದಾಗ ಸುಮಾರು ಒಂದು ಸೆಕೆಂಡೇ ಬಂತು. ಅಲ್ಲಿಂದ ಮುಂದೆ ವೀಕ್ಷಕರ ಲೆಕ್ಕಗಳನ್ನು ಹೋಲಿಸುವಾಗ ಅವರವರ ವ್ಯತ್ಯಾಸವನ್ನು ಕಳೆದು ಸರಿಮಾಡುವ ಪದ್ಧತಿ ಬಂತು. ವೈಯಕ್ತಿಕ ಸಮೀಕರಣ ಅಂತ ಅದಕ್ಕೆ ಹೆಸರು.

ಕಿನ್ನೆಬ್ರೂಕ್‌ಗೆ ಅದರಿಂದ ಏನೂ ಸಿಗಲಿಲ್ಲ. ನನಗೆ ನೋವಾಗುವುದು ಒಂದೇ ವಿಷಯಕ್ಕೆ. ಆತನ ಲೆಕ್ಕವೇ ತಪ್ಪು, ಮ್ಯಾಸ್ಕೆಲಿನ್ ಲೆಕ್ಕವೇ ಸರಿ ಅಂತ ಹೇಳಲು ಆಗ ಯಾರ ಹತ್ತಿರವೂ ಅಳತೆ ಇರಲಿಲ್ಲ. ಇಬ್ಬರಲ್ಲಿ ದೊಡ್ಡವರು ಯಾರೋ ಅವರ ಕಣ್ಣೇ ಗಡಿಯಾರವಾಯಿತು.

ಹೊಸನೋಟ:

ಈ ಕೊನೆಯ ಸಾಲು ಎರಡು ಸಲ ಓದಿದೆ.

ಅರವತ್ತೆಂಟು:

ಎಲ್ಲರಿಗೂ ನಮಸ್ಕಾರ. ನನ್ನ ಹೆಸರೇ ನನ್ನ ವಯಸ್ಸು. ವಯಸ್ಸಾದಂತೆ ಮಿದುಳು ನಿಧಾನವಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮೊಮ್ಮಗನ ಜೊತೆ ಫೋನಿನಲ್ಲಿ ಆಟ ಆಡಿದರೆ ಅವನು ಗೆಲ್ಲುತ್ತಾನೆ, ಸಂತೋಷವೇ. ನನಗೆ ಚಿಂತೆ ಬೇರೆ. ಈ ಒಂದು ವರ್ಷದಿಂದ ಚಲಿಸುವ ವಸ್ತು ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗುತ್ತಿಲ್ಲ. ನಿಂತಿರುವುದು ಸರಿಯಾಗಿ ಕಾಣುತ್ತದೆ. ಅಡ್ಡ ಹಾಯುವ ಗಾಡಿಗಳು ಮಾತ್ರ ಒಂದು ದಿಕ್ಕಿನಿಂದ ಬಂದರೆ ಹತ್ತಿರ, ಇನ್ನೊಂದು ದಿಕ್ಕಿನಿಂದ ಬಂದರೆ ದೂರ ಇದ್ದಂತೆ ಅನ್ನಿಸುತ್ತದೆ. ಎಸೆದ ಚೆಂಡು ಕೈಗೆ ಸಿಗುವುದಿಲ್ಲ. ಇದೂ ಮಿದುಳು ನಿಧಾನವಾದದ್ದೇ ಇರಬೇಕಾ?

ಪ್ರತಿಕ್ಷಣ:

ಸರ್, ನಿಮ್ಮ ಎರಡನೆಯ ಮಾತಿಗೆ ಮೊದಲು ಬರುತ್ತೇನೆ, ಅದು ಮುಖ್ಯ.

ಕಣ್ಣಿಗೆ ಬೀಳುವ ಬೆಳಕು ಕಡಿಮೆಯಾದರೆ ಅದರ ಸಂಕೇತ ಮಿದುಳಿಗೆ ಕೆಲವು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡೂ ಕಣ್ಣಿಗೆ ಒಂದೇ ಥರ ಕಡಿಮೆಯಾದರೆ ನಮಗೆ ಗೊತ್ತೇ ಆಗುವುದಿಲ್ಲ. ಒಂದೇ ಕಣ್ಣಿಗೆ ಕಡಿಮೆಯಾದರೆ ಆಗ ವಿಚಿತ್ರ ನಡೆಯುತ್ತದೆ. ಚಲಿಸುವ ವಸ್ತು ಒಂದು ಕಣ್ಣಿಗೆ ಈಗಿನ ಜಾಗದಲ್ಲಿ, ಇನ್ನೊಂದಕ್ಕೆ ಸ್ವಲ್ಪ ಹಿಂದಿನ ಜಾಗದಲ್ಲಿ ಕಾಣುತ್ತದೆ. ಮಿದುಳು ಈ ವ್ಯತ್ಯಾಸವನ್ನು ಆಳ ಅಂತ ಓದಿಕೊಳ್ಳುತ್ತದೆ. ಅದರಿಂದ ಒಂದು ದಿಕ್ಕಿಗೆ ಹೋಗುವುದು ಹತ್ತಿರ, ಎದುರು ದಿಕ್ಕಿಗೆ ಹೋಗುವುದು ದೂರ ಇದ್ದಂತೆ ಅನ್ನಿಸುತ್ತದೆ. ನೀವು ಬರೆದದ್ದು ಅಕ್ಷರಶಃ ಇದೇ. ಕಾರ್ಲ್ ಪುಲ್ಫ್ರಿಚ್ 1922ರಲ್ಲಿ ಇದನ್ನು ವಿವರಿಸಿದರು. ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತಾವು ವಿವರಿಸಿದ್ದನ್ನು ತಾವೇ ನೋಡುವ ಹಾಗಿರಲಿಲ್ಲ.

ಮನೆಯಲ್ಲೇ ನೋಡಬಹುದು. ದಾರಕ್ಕೆ ಒಂದು ತೂಕ ಕಟ್ಟಿ ಎಡಬಲಕ್ಕೆ ತೂಗಲು ಬಿಡಿ. ಒಂದೆರಡು ಮೀಟರ್ ದೂರ ಎದುರಿಗೆ ಕೂತು ಎರಡೂ ಕಣ್ಣು ತೆರೆದು ನೋಡಿ. ನೇರ ಗೆರೆಯಲ್ಲಿ ಹೋಗಿಬರುವಂತೆ ಕಾಣಬೇಕು. ಒಂದು ಕಣ್ಣಿನ ಮುಂದೆ ಮಾತ್ರ ತಂಪು ಕನ್ನಡಕದ ಗಾಜು ಹಿಡಿದರೆ ಅದು ಸುತ್ತು ಹಾಕಿದಂತೆ, ಉದ್ದುರುಂಡೆಯ ದಾರಿಯಲ್ಲಿ ಹೋದಂತೆ ಕಾಣುತ್ತದೆ. ನಿಮಗೆ ಗಾಜು ಇಲ್ಲದೆಯೇ ಹಾಗೆ ಕಂಡರೆ ಎರಡು ಕಣ್ಣಿನ ನಡುವೆ ವ್ಯತ್ಯಾಸ ಇದೆ ಅಂತ ಅರ್ಥ. ಪೊರೆ ಇರಬಹುದು, ಕಣ್ಣಿನ ನರದ ತೊಂದರೆ ಇರಬಹುದು. ನಾನು ಡಾಕ್ಟರಲ್ಲ. ದಾರ ಏನೇ ಹೇಳಲಿ, ಕಣ್ಣಿನ ಡಾಕ್ಟರ ಹತ್ತಿರ ಬೇಗ ಹೋಗಿ, "ಚಲಿಸುವುದು ಮಾತ್ರ ತಪ್ಪಾಗಿ ಕಾಣುತ್ತದೆ" ಅಂತ ಇದೇ ಮಾತಲ್ಲಿ ಹೇಳಿ. ಅಲ್ಲಿಯವರೆಗೆ ರಸ್ತೆ ದಾಟುವಾಗ ಯಾರಾದರೂ ಜೊತೆಯಲ್ಲಿರಲಿ.

ಇನ್ನು ವಯಸ್ಸಿನ ವಿಷಯ. ರೋಜರ್ ರ‍್ಯಾಟ್‌ಕ್ಲಿಫ್ 1978ರಲ್ಲಿ ಒಂದು ಮಾದರಿ ಕೊಟ್ಟರು. ಸುಲಭವಾಗಿ ಹೇಳಬೇಕೆಂದರೆ, ಕಣ್ಣಿಂದ ಬರುವ ಸಾಕ್ಷ್ಯ ಒಂದು ಪಾತ್ರೆಗೆ ಸುರಿಯುತ್ತಿರುತ್ತದೆ. ಪಾತ್ರೆ ತುಂಬಿದಾಗ ನಾವು ಉತ್ತರ ಕೊಡುತ್ತೇವೆ. ಒಬ್ಬರು ತಡವಾಗಿ ಉತ್ತರಿಸಿದರೆ ಧಾರೆ ಸಣ್ಣದಿರಬಹುದು. ಅಥವಾ ಅವರು ಇಟ್ಟ ಪಾತ್ರೆ ದೊಡ್ಡದಿರಬಹುದು. ಅಥವಾ ಪಾತ್ರೆ ತುಂಬಿದ ಮೇಲೆ ಕೈ ಎತ್ತುವುದು ನಿಧಾನ ಇರಬಹುದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ತಪ್ಪುಗಳ ಲೆಕ್ಕವನ್ನೂ ಸಮಯವನ್ನೂ ಸೇರಿಸಿ ನೋಡಿದರೆ ಬೇರ್ಪಡಿಸಬಹುದು.

2022ರಲ್ಲಿ ಹೈಡಲ್‌ಬರ್ಗ್‌ನ ಸಂಶೋಧಕರು ಹತ್ತು ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಹೀಗೆ ಬಿಡಿಸಿ ನೋಡಿದರು. ಇಪ್ಪತ್ತು ದಾಟಿದ ಮೇಲೆ ಉತ್ತರಗಳು ನಿಧಾನವಾಗುತ್ತಾ ಹೋಗುವುದು ನಿಜ. ಆದರೆ ಧಾರೆ ಸುಮಾರು 60 ವರ್ಷದವರೆಗೂ ಚೆನ್ನಾಗಿಯೇ ಇರುತ್ತದೆ. ಅಲ್ಲಿಯವರೆಗೆ ಹೆಚ್ಚುವುದು ಎಚ್ಚರಿಕೆ, ಅಂದರೆ ಪಾತ್ರೆಯ ಗಾತ್ರ, ಮತ್ತು ಕೈ ಎತ್ತುವ ಸಮಯ. ಹೊಸನೋಟ ಅವರೇ, ನಿಮ್ಮ ಪಾತ್ರೆ ದೊಡ್ಡದು ಅಂತ ನನ್ನ ಗುಮಾನಿ.

ಹೊಸನೋಟ:

ಗುಮಾನಿಯನ್ನು ಪರೀಕ್ಷಿಸಿದ್ದೇವೆ! ನಾನು, ತಂಗಿ, ಒಂದು ಸ್ಕೇಲು, ಒಂದು ಕಟ್ಟು ಇಸ್ಪೀಟು.

ಮೊದಲು ಸ್ಕೇಲು. ಒಬ್ಬರು ಮೇಲಿಂದ ಬಿಡುವುದು, ಇನ್ನೊಬ್ಬರು ಬೆರಳಲ್ಲಿ ಹಿಡಿಯುವುದು. ಹತ್ತತ್ತು ಸಲ. ಇಬ್ಬರದೂ ಸರಾಸರಿ ಸುಮಾರು 20 ಸೆಂಟಿಮೀಟರ್. ಬೀಳುವ ಲೆಕ್ಕ ಹಾಕಿದರೆ 0.2 ಸೆಕೆಂಡ್. ನಾನು ಅವಳಿಗಿಂತ ನಿಧಾನ ಇರಲಿಲ್ಲ. ಇಷ್ಟು ವರ್ಷ ನನಗೆ ಇದು ಗೊತ್ತಿರಲಿಲ್ಲ.

ಆಮೇಲೆ ಇಸ್ಪೀಟು. 52 ಎಲೆಗಳನ್ನು ಬಣ್ಣ ಗುರುತು ಏನೂ ನೋಡದೆ ನಾಲ್ಕು ಗುಂಪಿಗೆ ಸರದಿಯಲ್ಲಿ ಹಾಕುವುದು, ಇದು ಬರೀ ಕೈಯ ಸಮಯ. ಅವಳಿಗೆ 29 ಸೆಕೆಂಡ್, ನನಗೆ 30. ಆಮೇಲೆ ಇಸ್ಪೀಟು, ಆಟೀನು, ಕಳಾವರ, ಡೈಮಂಡು ಅಂತ ವಿಂಗಡಿಸುವುದು. ಅವಳಿಗೆ 38 ಸೆಕೆಂಡ್, ಮೂರು ತಪ್ಪು. ನನಗೆ 55, ಒಂದೂ ತಪ್ಪಿಲ್ಲ. ಕೈಯ ಸಮಯ ಕಳೆದರೆ ಅವಳದು 9, ನನ್ನದು 25. ನೋಡಿ ಎಷ್ಟು ದೊಡ್ಡ ವ್ಯತ್ಯಾಸ.

ಆಮೇಲೆ ಪಾತ್ರೆ ಬದಲಾಯಿಸಿದೆವು. ನನಗೆ "ತಪ್ಪಾದರೂ ಪರವಾಗಿಲ್ಲ, ಓಡು" ಅಂದಳು. 42 ಸೆಕೆಂಡ್, ಎರಡು ತಪ್ಪು. ಅವಳಿಗೆ "ಒಂದು ತಪ್ಪೂ ಆಗಬಾರದು" ಅಂದೆ. 51 ಸೆಕೆಂಡ್, ತಪ್ಪಿಲ್ಲ. ನಾನು ಅವಳಾದೆ, ಅವಳು ನಾನಾದಳು. ಅವಳಂತೂ ಸುಮ್ಮನೆ ಎಲೆ ನೋಡುತ್ತಾ ಕೂತುಬಿಟ್ಟಳು, "ನಿನಗೆ ಯಾವಾಗಲೂ ಹೀಗೇ ಇರುತ್ತಾ ಅಕ್ಕಾ?" ಅಂದಳು.

ಆದರೆ ಒಂದು ಉಳಿಯಿತು. ದೃಶ್ಯದ ಹಿಂದೆ ನಿಂತ ಮನುಷ್ಯ ನನಗೆ ಈಗಲೂ ಕಾಣುವುದಿಲ್ಲ. ಅವಸರ ಮಾಡಿದರೂ ಕಾಣುವುದಿಲ್ಲ.

ಪ್ರತಿಕ್ಷಣ:

ಬಹಳ ಚೆನ್ನಾಗಿ ಮಾಡಿದ್ದೀರಿ. ಕೈಯ ಸಮಯ ಕಳೆಯುವ ಉಪಾಯವನ್ನು ಫ್ರಾನ್ಸಿಸ್ಕಸ್ ಡಾಂಡರ್ಸ್ 1868ರಲ್ಲೇ ಬರೆದಿದ್ದರು. ಒಂದೇ ಒಂದು ಎಚ್ಚರಿಕೆ: ಒಂದು ಸಂಜೆಯ ಲೆಕ್ಕ ಸಣ್ಣದು, ಅಭ್ಯಾಸದಿಂದಲೂ ಎರಡನೆಯ ಸಲ ವೇಗ ಹೆಚ್ಚುತ್ತದೆ. ಸರದಿ ಅದಲುಬದಲು ಮಾಡಿ ಇನ್ನೊಂದು ದಿನ ನೋಡಿ.

ಉಳಿದ ವಿಷಯ ಬೇರೆ ಜಾಗದ್ದು. ಸೆಕೆಂಡಿಗೆ ಸುಮಾರು ಹತ್ತರಂತೆ ಅಕ್ಷರಗಳನ್ನು ಒಂದೇ ಜಾಗದಲ್ಲಿ ತೋರಿಸುತ್ತಾ ಹೋಗಿ, ಅವುಗಳ ನಡುವೆ ಎರಡು ಅಂಕಿ ಸೇರಿಸಿ ಅಂತಿಟ್ಟುಕೊಳ್ಳಿ. ಮೊದಲನೆಯ ಅಂಕಿ ಹೆಚ್ಚಿನವರಿಗೆ ಸಿಗುತ್ತದೆ. ಎರಡನೆಯದು ಅದಾಗಿ 200ರಿಂದ 500 ಮಿಲಿಸೆಕೆಂಡ್ ಒಳಗೆ ಬಂದರೆ ಬಹಳ ಜನರಿಗೆ ಕಾಣುವುದೇ ಇಲ್ಲ. ಕಣ್ಣು ತೆರೆದೇ ಇರುತ್ತದೆ, ಗಮನ ಮಾತ್ರ ಕಣ್ಣು ಮಿಟುಕಿಸಿದ ಹಾಗೆ. 1992ರಲ್ಲಿ ಜೇನ್ ರೇಮಂಡ್ ಮತ್ತು ಜೊತೆಗಾರರು ಇದಕ್ಕೆ ಆ ಅರ್ಥದ ಹೆಸರನ್ನೇ ಇಟ್ಟರು. ಮೊದಲು ಸಿಕ್ಕಿದ್ದನ್ನು ಮಿದುಳು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಕೆಲಸದಲ್ಲಿ ಇರುವುದರಿಂದ ಮುಂದಿನದು ಜಾರಿಹೋಗುತ್ತದೆ. ಇದು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಇಲ್ಲ. ಕೆಲವರಿಗೆ ಇದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿಮ್ಮ ತಂಗಿ ಅಂಥವರಿರಬಹುದು. ನೀವು ಮುಂದಿನ ಮುಖವನ್ನು ಆಳವಾಗಿ ಹಿಡಿಯುತ್ತೀರಿ, ಅಷ್ಟರಲ್ಲಿ ಹಿಂದಿನವನು ಹೋಗಿರುತ್ತಾನೆ.

ಕತ್ತರಿಕೆಲಸ:

ಇದನ್ನು ಅಭ್ಯಾಸದಿಂದ ಬದಲಾಯಿಸಬಹುದಾ? ಮಿದುಳಿನ ವೇಗ ಹೆಚ್ಚಿಸುತ್ತೇವೆ ಅನ್ನುವ ಆ್ಯಪ್‌ಗಳು ತುಂಬಾ ಇವೆ. ವೇಗದ ಓದಿನ ಕೋರ್ಸ್‌ಗಳೂ ಇವೆ. ಅವುಗಳಿಗೆ ದುಡ್ಡು ಹಾಕುವವರನ್ನು ನೋಡಿದ್ದೇನೆ.

ಪ್ರತಿಕ್ಷಣ:

ಮಾಡಿದ ಕೆಲಸದಲ್ಲಿ ವೇಗ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಬೇರೆ ಕೆಲಸಕ್ಕೆ ಅದು ದಾಟುತ್ತದಾ ಅನ್ನುವುದು ಕಷ್ಟದ ಪ್ರಶ್ನೆ. ಅಮೆರಿಕದಲ್ಲಿ 65 ದಾಟಿದ 2,802 ಜನರ ಮೇಲೆ ಆ್ಯಕ್ಟಿವ್ ಎಂಬ ದೊಡ್ಡ ಪ್ರಯೋಗ ನಡೆಯಿತು. ಮೊದಲ ಫಲಿತಾಂಶ ಬಂದದ್ದು 2002ರಲ್ಲಿ. ನೋಟದ ವೇಗದ ತರಬೇತಿ ಪಡೆದವರಿಗೆ ನೋಟದ ವೇಗ ಹೆಚ್ಚಿತು. ನೆನಪಿನ ಶಕ್ತಿ ಅದರಿಂದ ಹೆಚ್ಚಲಿಲ್ಲ. ಆದರೆ ಆಮೇಲಿನ ವರ್ಷಗಳಲ್ಲಿ ಅವರ ಸ್ವಂತ ತಪ್ಪಿನಿಂದ ಆದ ವಾಹನ ಅಪಘಾತಗಳು ತರಬೇತಿ ಇಲ್ಲದವರಿಗಿಂತ ಕಡಿಮೆ ಇದ್ದವು. ವಯಸ್ಸಾದವರಿಗೆ ಇದು ಸಣ್ಣ ಲಾಭ ಅಲ್ಲ.

ವೇಗದ ಓದಿಗೆ ಮಾತ್ರ ದುಡ್ಡು ಹಾಕಬೇಡಿ. ಇಂಗ್ಲಿಷ್‌ನಲ್ಲಿ ಕಥೆಯಲ್ಲದ ಬರಹವನ್ನು ಮೌನವಾಗಿ ಓದುವ ವಯಸ್ಕರ ಸರಾಸರಿ ನಿಮಿಷಕ್ಕೆ 238 ಪದ ಅಂತ 2019ರ ಒಂದು ಲೆಕ್ಕ. ಅದನ್ನು ಎರಡು ಮೂರು ಪಟ್ಟು ಮಾಡಿದರೆ ಅರ್ಥವಾಗುವುದು ಕಡಿಮೆಯಾಗುತ್ತದೆ. ಓದಿನಲ್ಲಿ ತಡವಾಗುವುದು ಕಣ್ಣಿನಿಂದ ಅಲ್ಲ, ಪದಗಳನ್ನು ಗುರುತಿಸಿ ಅರ್ಥ ಕಟ್ಟುವುದರಿಂದ. ಗೊತ್ತಿರುವ ವಿಷಯವನ್ನು ಎಲ್ಲರೂ ಬೇಗ ಓದುತ್ತಾರೆ, ಗೊತ್ತಿರುವ ಬೌಲರನ್ನು ಆಡಿದ ಹಾಗೆ.

ಪಾಠದಮೇಜು:

ಹೊಸನೋಟ ಅವರೇ, ಗ್ರಾಫ್‌ಗಳನ್ನು ಮೀಟಿಂಗ್‌ಗೆ ಮೊದಲೇ ಕಳಿಸಿ ಅಂತ ಕೇಳಿ ನೋಡಿ. ಅಕ್ಷಗಳು ಯಾವುವು ಅಂತ ಮೊದಲೇ ಗೊತ್ತಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದಿರುತ್ತದೆ.

ಹೊಸನೋಟ:

ಕೇಳಿದೆ ಮೇಡಂ. ಇಸ್ಪೀಟಿನ ಲೆಕ್ಕವನ್ನೂ ಹೇಳಿದೆ. ಮೇಲಿನವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ "ಹಿಂದಿನ ದಿನ ಸಂಜೆ ಕಳಿಸುತ್ತೇನೆ, ತಪ್ಪು ಕಂಡರೆ ಮೀಟಿಂಗ್‌ಗೆ ಮುಂಚೆಯೇ ಹೇಳಿ" ಅಂದರು. ಮೊದಲನೆಯದು ನಿನ್ನೆ ಬಂತು. ಒಂದು ತಪ್ಪು ಸಿಕ್ಕಿತು.

ಅರವತ್ತೆಂಟು ಸರ್, ನಿಮ್ಮ ಸುದ್ದಿ ಏನು?

ಅರವತ್ತೆಂಟು:

ಕ್ಷಮಿಸಿ, ಬರೆಯಲು ತಡವಾಯಿತು. ಅದೇ ದಿನ ಬಾಗಿಲ ಚೌಕಟ್ಟಿಗೆ ದಾರ ಕಟ್ಟಿ, ತುದಿಗೆ ಬೀಗ ಕಟ್ಟಿ ತೂಗಿದೆ. ಯಾವ ಗಾಜೂ ಹಿಡಿದಿರಲಿಲ್ಲ. ಬೀಗ ಸುತ್ತು ಹಾಕುತ್ತಿತ್ತು. ಮೊಮ್ಮಗನನ್ನು ಕರೆದು ಕೇಳಿದೆ. "ಸೀದಾ ಹೋಗ್ತಿದೆ ತಾತ" ಅಂದ. ಆಮೇಲೆ ಎಡಗಣ್ಣಿನ ಮುಂದೆ ಮಾತ್ರ ತಂಪು ಕನ್ನಡಕ ಹಿಡಿದೆ. ಸುತ್ತು ಕಡಿಮೆಯಾಗಿ ಹೆಚ್ಚುಕಡಿಮೆ ಸೀದಾ ಆಯಿತು. ಮೈ ಜುಮ್ ಅಂದಿತು.

ಡಾಕ್ಟರಿಗೆ ನೀವು ಹೇಳಿಕೊಟ್ಟ ಮಾತನ್ನೇ ಹೇಳಿದೆ. ಅವರು ಔಷಧಿ ಹಾಕಿ ಬಹಳ ಹೊತ್ತು ನೋಡಿದರು. ಬಲಗಣ್ಣಿನ ಪೊರೆ ದಪ್ಪವಾಗಿದೆ, ಎಡಗಣ್ಣಿನದು ಇನ್ನೂ ತೆಳು. ನರ ಚೆನ್ನಾಗಿದೆ ಅಂದರು. ಮುಂದಿನ ತಿಂಗಳು ಬಲಗಣ್ಣಿನ ಆಪರೇಷನ್. ಅಲ್ಲಿಯವರೆಗೆ ಮೊಮ್ಮಗ ಕೈಹಿಡಿದು ರಸ್ತೆ ದಾಟಿಸುತ್ತಿದ್ದಾನೆ.

ದಾರ ಬಿಚ್ಚಿಲ್ಲ. ಬೀಗವೂ ಅಲ್ಲೇ ಇದೆ. ಪಟ್ಟಿ ತೆಗೆದ ಮೇಲೆ ಮತ್ತೆ ತೂಗಿ ನೋಡಿ ಇಲ್ಲಿ ಬರೆಯುತ್ತೇನೆ.